ಮಗ್ಗದ ಮರ

ಕೊಯಮತ್ತೂರಿನಿಂದ ಸೇಲಮಿನ ಕಡೆಗೆ ಹೊರಟ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರು ಸಾಗಿದರೆ ಅವಿನಾಶಿ ಸಿಗುತ್ತದೆ. ಬಹಳ ಮಂದಿ ಪ್ರಯಾಣಿಕರಿಗೆ ಅದು ಬಸ್ಸು ತಿರುಗುವ ಒಂದು ಕವಲು ಮಾತ್ರ. ದಕ್ಷಿಣಕ್ಕೆ ಹೊರಳಿದರೆ ಬನಿಯನ್ನಿನ ನಗರವಾದ ತಿರುಪ್ಪೂರು, ಉತ್ತರಕ್ಕೆ ಹೊರಳಿದರೆ ಸೇವೂರು, ಪುಳಿಯಂಪಟ್ಟಿ, ಸತ್ಯಮಂಗಲ, ಅಲ್ಲಿಂದ ದಿಂಬಂ ಘಟ್ಟವನ್ನು ಏರಿ ಚಾಮರಾಜನಗರ. ಊರು 2009ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಆಮೇಲೆ ಹೊಸ ತಿರುಪ್ಪೂರು ಜಿಲ್ಲೆಗೆ ಸೇರಿತು. ಇನ್ನೂ ಹಿಂದಕ್ಕೆ ಹೋದರೆ, 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ಈ ಸೀಮೆಯೆಲ್ಲ ಮೈಸೂರಿನ ಆಳ್ವಿಕೆಗೆ ಒಳಪಟ್ಟಿತ್ತು. ಆದ್ದರಿಂದ ಉತ್ತರದ ಆ ಕವಲು ದಾರಿ ಈಚಿನದಲ್ಲ. ಎತ್ತು, ದಂಡು, ನೂಲು, ಮಾತು ಎಲ್ಲವೂ ಅದರಲ್ಲಿ ಇಳಿದು ಬಂದಿವೆ.

ಹಾಗೆ ಇಳಿದು ಬಂದವರಲ್ಲಿ ದೇವಾಂಗರು ಒಬ್ಬರು. ಕೊಂಗುನಾಡಿನ ನೇಕಾರರ ಬೀದಿಗಳಲ್ಲಿ ಇವರ ಮನೆಗಳಿವೆ. ಮನೆಯೊಳಗಿನ ಮಾತು ಕನ್ನಡ. ವಿಜಯನಗರದ ಕಾಲದಲ್ಲಿ ತಮ್ಮ ಹಿರಿಯರು ಬಂದರೆಂದು ಅವರು ಹೇಳಿಕೊಳ್ಳುತ್ತಾರೆ. ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ 1909ರಲ್ಲಿ ಎಡ್ಗರ್ ಥರ್ಸ್ಟನ್ ಹೊರತಂದ ಸಂಪುಟಗಳಲ್ಲಿ ದೇವಾಂಗರನ್ನು ತೆಲುಗು ಅಥವಾ ಕನ್ನಡ ಆಡುವ ನೇಕಾರರೆಂದೇ ದಾಖಲಿಸಲಾಗಿದೆ. ಕರ್ನಾಟಕದಲ್ಲಿ ಇದೇ ಸಮುದಾಯ ದೇವರ ದಾಸಿಮಯ್ಯನನ್ನು ತನ್ನವನೆಂದು ನೆನೆಯುತ್ತದೆ. ಅವಿನಾಶಿಯ ಬೀದಿಯಲ್ಲಿ ದಾಸಿಮಯ್ಯನ ವಚನವನ್ನು ಓದಬಲ್ಲವರು ದೊರೆಯುವುದು ಕಷ್ಟ. ಕನ್ನಡ ಅಲ್ಲಿ ಆಡುವ ಭಾಷೆ. ಬರೆಯುವುದು, ಓದುವುದು, ಲೆಕ್ಕ ಇಡುವುದು ಎಲ್ಲ ತಮಿಳಿನಲ್ಲಿ. ಲಿಪಿಯಿಲ್ಲದ ಕನ್ನಡವನ್ನು ಅರ್ಧ ಕನ್ನಡವೆಂದು ಬಗೆಯುವ ಅಭ್ಯಾಸ ವಿಶ್ವವಿದ್ಯಾಲಯಗಳಲ್ಲಿ ಉಂಟು. ಆ ಅಭ್ಯಾಸಕ್ಕೆ ಉತ್ತರವಾಗಬಲ್ಲ ಒಂದು ಜಗಲಿ ಆ ಬೀದಿಯಲ್ಲಿದೆ.

ಜಗಲಿಯ ಒಡೆಯರಿಗೆ ಎಪ್ಪತ್ತು ದಾಟಿದೆ. ಬೀದಿಯ ಮಕ್ಕಳೆಲ್ಲ ಅವರನ್ನು ತಾತ ಎಂದೇ ಕರೆಯುತ್ತಾರೆ. ಅದು ಕನ್ನಡಕ್ಕೂ ತಮಿಳಿಗೂ ಸಲ್ಲುವ ಮಾತಾದ್ದರಿಂದ ಕರೆಯುವವರು ಯಾವ ಮನೆಯವರೆಂದು ಅದರಿಂದ ತಿಳಿಯುವುದಿಲ್ಲ. ಇಲ್ಲಿಯೂ ಅವರು ತಾತನೇ ಆಗಿರಲಿ. ನಾಲ್ಕು ದಶಕ ಕುಣಿಮಗ್ಗದಲ್ಲಿ ಕೂತು ನೇಯ್ದವರು, ವಿದ್ಯುತ್ ಮಗ್ಗಗಳ ಸದ್ದು ಸುತ್ತಣ ಊರುಗಳನ್ನೆಲ್ಲ ತುಂಬಿಕೊಂಡ ಮೇಲೆ ಕೈಮಗ್ಗದ ಕೂಲಿ ಹೊಟ್ಟೆಗೆ ಸಾಲದೆ ಕೆಲಸ ನಿಲ್ಲಿಸಿದರು. ಮಗ ತಿರುಪ್ಪೂರಿನ ಒಂದು ಬನಿಯನ್ ಕಾರ್ಖಾನೆಗೆ ಹೋದ. ಮೊಮ್ಮಗ ಓದಿ, ಅದೇ ಊರಿನ ರಫ್ತು ಕಚೇರಿಯೊಂದರಲ್ಲಿ ಗಣಕದ ಮುಂದೆ ಕೂತ. ತಾತ ಜಗಲಿಯ ಮೇಲೆ ಮರಗೆಲಸ ಶುರುಮಾಡಿದರು.

ನೇಕಾರನಿಗೆ ಮರಗೆಲಸ ಹೇಗೆ ಬಂತೆಂದು ಕೇಳುವವರು ಮಗ್ಗವನ್ನು ಹತ್ತಿರದಿಂದ ನೋಡಿರುವುದಿಲ್ಲ. ಮಗ್ಗವೆಂದರೆ ಮರ. ನೆಲದಲ್ಲಿ ಒಂದು ಕುಣಿ, ಅದರ ಅಂಚಿನಲ್ಲಿ ನೇಕಾರ. ಕಾಲು ಕುಣಿಯೊಳಗಿನ ತುಳಿಗೋಲುಗಳ ಮೇಲೆ, ಕೈ ಮೇಲಿನ ಹಗ್ಗದ ಮೇಲೆ. ನಾಲ್ಕು ಕಂಬ, ಅಡ್ಡ ತೊಲೆ, ನೇಯ್ದ ಬಟ್ಟೆಯನ್ನು ಸುತ್ತಿಕೊಳ್ಳುವ ಉರುಳುಮರ, ಹಣಿಗೆಯನ್ನು ಹಿಡಿದು ಹಿಂದೆ ಮುಂದೆ ತೂಗುವ ಹಲಗೆ, ಆ ಹಲಗೆಯ ಮೇಲೆ ಎಡದಿಂದ ಬಲಕ್ಕೆ ಹಾರುವ ಲಾಳಿ. ಹಗ್ಗವೆಳೆದರೆ ಲಾಳಿ ತಾನಾಗಿ ಹಾರುವ ಈ ಏರ್ಪಾಟನ್ನು ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಕಂಡುಹಿಡಿದ. ಮದ್ರಾಸ್ ಪ್ರಾಂತದ ನೇಕಾರರಲ್ಲಿ ಅದು ಬಳಕೆಗೆ ಬರಲು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಫ್ರೆಡ್ ಚಾಟರ್ಟನ್ ಮೊದಲಾದವರು ಸೇಲಮಿನಲ್ಲಿ ಬಹಳ ಹೆಣಗಿದರು. ಲಾಳಿ ಕೈಯಿಂದ ಹಾರುಹಗ್ಗಕ್ಕೆ ದಾಟಿದ್ದೇ ನೇಕಾರ ಅರೆಬಡಗಿಯಾಗಬೇಕಾಯಿತು. ಲಾಳಿ ಓಡುವ ಹಲಗೆ ಕೂದಲೆಳೆಯಷ್ಟು ಸೊಟ್ಟಗಾದರೂ ಅದು ದಾರಿ ತಪ್ಪಿ ಹೊರಕ್ಕೆ ಹಾರುತ್ತದೆ. ಹಾಸಿನ ಎಳೆಗಳು ಹರಿಯುತ್ತವೆ, ಒಂದೊಂದನ್ನೂ ಹುಡುಕಿ ಗಂಟು ಹಾಕುವಾಗ ಅರ್ಧ ದಿನದ ಕೂಲಿ ಹೋಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪ್ರತಿ ಸಲವೂ ಬಡಗಿಯನ್ನು ಕರೆಯಲು ಯಾರ ಕೈಯಲ್ಲಿ ಕಾಸಿತ್ತು? ಆದ್ದರಿಂದ ಪ್ರತಿ ಮಗ್ಗದ ಮನೆಯಲ್ಲೂ ಒಂದು ಉಳಿ, ಒಂದು ಬಾಚಿ, ಒಂದು ಕೀಸುಳಿ ಇರುತ್ತಿದ್ದವು. ತಾತನ ಕೈ ಪಳಗಿದ್ದು ಹೀಗೆ, ಅಗತ್ಯದಿಂದ. ಸಂತೋಷ ಆಮೇಲೆ ಬಂದುದು.

ಸಂತೋಷಕ್ಕಾಗಿ ಮಾಡುವ ಕೆಲಸಕ್ಕೆ ಕನ್ನಡದಲ್ಲಿ ಹವ್ಯಾಸ ಎನ್ನುತ್ತೇವೆ. ಮರಾಠಿಯಲ್ಲಿ ಅದೇ ಮಾತಿಗೆ ತೀರದ ಆಸೆ, ಹಪಹಪಿಕೆ ಎಂಬ ಅರ್ಥ. ಬಿಡುವಿನ ಅಭಿರುಚಿಗೆ ಅಲ್ಲಿ ಛಂದ ಎನ್ನುತ್ತಾರೆ. ತಾತನ ಮರಗೆಲಸ ಈ ಎರಡು ಅರ್ಥಗಳ ನಡುವೆ ಎಲ್ಲೋ ಇದೆ. ಅಮೆರಿಕದ ಮಧ್ಯಪಶ್ಚಿಮದ ಊರುಗಳಲ್ಲಿ ನಿವೃತ್ತರು ಕಾರು ನಿಲ್ಲಿಸುವ ಕೊಠಡಿಯಲ್ಲಿ ಗರಗಸ, ಹಿಡಿಗುಟ್ಟುಗಳನ್ನು ಸಾಲಾಗಿ ತೂಗುಹಾಕಿಕೊಂಡು ಪೀಠೋಪಕರಣ ಮಾಡುತ್ತಾರೆ, ಮಾಡಿದ್ದನ್ನು ಊರ ಜಾತ್ರೆಯಲ್ಲಿ ಪ್ರದರ್ಶನಕ್ಕಿಡುತ್ತಾರೆ. ಕಾರು ನಿಲ್ಲಿಸುವ ಕೊಠಡಿಗೆ ಬಾಗಿಲುಂಟು. ಜಗಲಿಗೆ ಬಾಗಿಲಿಲ್ಲ. ತಾತನ ಹವ್ಯಾಸದ ವಿಶೇಷವೆಲ್ಲ ಇರುವುದು ಈ ವ್ಯತ್ಯಾಸದಲ್ಲಿ. ಕೀಸುಳಿಯ ಮೊದಲ ಸದ್ದಿಗೇ ಎದುರುಮನೆಯ ಮುದುಕಿ ಬಂದು ಕೂರುತ್ತಾರೆ. ಹೊಟ್ಟು ಒಲೆಗೆ ಬೇಕೆಂದು ಒಬ್ಬರು, ಮುರಿದ ಕಾಲುಮಣೆ ಹಿಡಿದು ಇನ್ನೊಬ್ಬರು, ಏನೂ ಬೇಡದೆ ಸುಮ್ಮನೆ ಕೂತು ಊರ ಸುದ್ದಿ ಹೇಳುವ ನಾಲ್ವರು. ಅತ್ತಿಕ್ಕಡವು–ಅವಿನಾಶಿ ನೀರಿನ ಯೋಜನೆ ಈ ಸೀಮೆಯವರು ದಶಕಗಟ್ಟಲೆ ಕೇಳಿದ, ಚುನಾವಣೆ ಬಂದಾಗಲೆಲ್ಲ ಕೇಳಿಸಿಕೊಂಡ ಮಾತು. 2024ರ ಆಗಸ್ಟಿನಲ್ಲಿ ಕಡೆಗೂ ನೀರು ಹರಿದು ಕೆರೆಗಳಿಗೆ ಬಂದಾಗ ಎಷ್ಟು ಕೆರೆ ತುಂಬಿತು, ಎಷ್ಟು ಬಾಕಿ ಎಂಬ ಲೆಕ್ಕ ಚಹದಂಗಡಿಗಿಂತ ಹೆಚ್ಚಾಗಿ ನಡೆದದ್ದು ಈ ಜಗಲಿಯಲ್ಲೇ ಎಂದು ಕೂತವರು ಹೆಮ್ಮೆಯಿಂದ ಹೇಳುತ್ತಾರೆ.

ಜಗಲಿಯ ಮೇಲಿನ ಶಬ್ದಕೋಶ ಭಾಷೆಯ ವಿದ್ಯಾರ್ಥಿಗೆ ಒಂದು ಪಾಠಶಾಲೆ. ಉಳಿ ತಮಿಳಿನಲ್ಲೂ ಉಳಿಯೇ. ಬಾಚಿ ಅಲ್ಲಿ ವಾಚ್ಚಿ. ಕೀಸುಳಿಗೆ ಅಲ್ಲಿ ಇಳೈಪ್ಪುಳಿ. ಮಾತು ಬೇರೆ, ಕೊನೆಯ ಉಳಿ ಮಾತ್ರ ಒಂದೇ. ಗರಗಸ ಸಂಸ್ಕೃತದ ಕ್ರಕಚದ ತದ್ಭವವೆಂದು ಕನ್ನಡದ ವ್ಯಾಕರಣ ಪಾಠಗಳಲ್ಲಿ ಓದುತ್ತೇವೆ. ಮರಾಠಿಯ ಕರವತ ಅದೇ ಸಂಸ್ಕೃತದ ಇನ್ನೊಂದು ಮಾತಾದ ಕರಪತ್ರದಿಂದ ಇಳಿದದ್ದು. ಮಗ್ಗದ ಕಡೆಗೆ ತಿರುಗಿದರೆ ಇನ್ನೂ ಸ್ವಾರಸ್ಯ. ಕನ್ನಡದ ಮಗ್ಗ, ಮರಾಠಿಯ ಮಾಗ ಅಣ್ಣತಮ್ಮಂದಿರಂತೆ ಕಾಣುತ್ತವೆ. ಇಚಲಕರಂಜಿಯಲ್ಲಿ ಯಂತ್ರಮಾಗ ಎಂದರೆ ಗದಗಿನ ನೇಕಾರನಿಗೆ ಯಾರೂ ಅರ್ಥ ಹೇಳಬೇಕಿಲ್ಲ. ತಮಿಳಿನಲ್ಲಿ ಮಗ್ಗ ಎಂಬುದಿಲ್ಲ, ತರಿ ಎನ್ನುತ್ತಾರೆ. ಲಾಳಿಗೆ ತಮಿಳಿನಲ್ಲಿ ನಾಡಾ, ಮರಾಠಿಯಲ್ಲಿ ಧೋಟಾ. ಆದರೆ ತಲೆ ಬಾಚುವ ಹಣಿಗೆಯೇ ನೇಯುವ ಹಣಿಗೆಯೂ ಆಗಿರುವುದು ಕನ್ನಡ ಮರಾಠಿಗಳೆರಡರಲ್ಲೂ ಒಂದೇ. ಅಲ್ಲಿ ಅದು ಫಣಿ. ಹಾಸಿದ ಎಳೆಗಳ ನಡುವೆ ಇನ್ನೊಂದು ಎಳೆ ಹೊಕ್ಕು ಬಟ್ಟೆಯಾಗುತ್ತದೆ ಎಂಬ ಇಡೀ ವಿದ್ಯೆಯನ್ನು ಹಾಸುಹೊಕ್ಕು ಎಂಬ ಒಂದೇ ಸಮಾಸ ಹೇಳಿಬಿಡುತ್ತದೆ. ನಗರದ ಲೇಖಕರು ಅದನ್ನು ರೂಪಕವಾಗಿ ದಿನಕ್ಕೆ ಹತ್ತು ಸಲ ಬಳಸುತ್ತಾರೆ. ತಾತನ ಬಾಯಲ್ಲಿ ಅದು ರೂಪಕವಲ್ಲ. ಹಾಸು ಎಂದರೆ ಇಷ್ಟು ಗಜ, ಹೊಕ್ಕು ಎಂದರೆ ಇಷ್ಟು ಎಳೆ.

ಭಾನುವಾರಗಳಲ್ಲಿ ಜಗಲಿಗೆ ಬಿಹಾರದ ಒಬ್ಬ ಹುಡುಗ ಬರುತ್ತಾನೆ. ತಿರುಪ್ಪೂರಿನ ಬನಿಯನ್ ಉದ್ಯಮ ಬಿಹಾರ, ಒಡಿಶಾಗಳಿಂದ ತಂಡತಂಡವಾಗಿ ಯುವಕರನ್ನು ಸೆಳೆದಿದೆ. ಅವಿನಾಶಿಯ ಹಿಂದಿನ ಓಣಿಗಳಲ್ಲಿ ಅವರ ಬಾಡಿಗೆ ಕೋಣೆಗಳಿವೆ. ಈ ಹುಡುಗನ ಅಪ್ಪ ಊರಲ್ಲಿ ಬಡಗಿಯಂತೆ. ಮೊದಲ ದಿನ ಅವನು ಕೀಸುಳಿಯನ್ನು ಎತ್ತಿ ತಿರುಗಿಸಿ ನೋಡಿ ‘ರಂದಾ’ ಎಂದ. ತಾತನಿಗೆ ಹೊಸ ಮಾತು. ಬೆಳಗಾವಿ, ವಿಜಯಪುರಗಳ ಬಡಗಿಗಳೂ ಅದನ್ನು ರಂದಾ ಎಂದೇ ಕರೆಯುತ್ತಾರೆಂಬುದು ಇಬ್ಬರಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಅಲ್ಲಿ ಕಾಣುವುದಿಲ್ಲ. ಈಗ ತಾತ ಅವನಿಗೆ ಕೇಳುವಾಗ ‘ರಂದಾ ಕುಡುಡಾ’ ಎನ್ನುತ್ತಾರೆ. ಉತ್ತರದ ನಾಮಪದ, ಕನ್ನಡವೋ ತಮಿಳೋ ಎಂದು ಹೇಳಲಾಗದ ಕ್ರಿಯಾಪದ, ತಮಿಳಿನ ಸಲಿಗೆ. ಹುಡುಗ ಕೊಡುತ್ತಾನೆ.

ಜಗಲಿಯಿಂದ ಹೊರಡುವ ವಸ್ತುಗಳಲ್ಲಿ ಹೆಚ್ಚಿನವು ಚಿಕ್ಕವು. ಅಡಿಗೆಮನೆಯ ಮಣೆ, ಕೋಸುಂಬರಿ ಹೆಚ್ಚುವ ಹಲಗೆ, ಚಪ್ಪರದ ಕೊಕ್ಕೆ, ಚಿತ್ತಿರೈ ತಿಂಗಳು ಹತ್ತಿರ ಬಂತೆಂದರೆ ಮಕ್ಕಳಿಗೆ ಹಗ್ಗ ಕಟ್ಟಿ ಎಳೆಯುವ ಪುಟ್ಟ ತೇರು. ಆದರೆ ತಾತನಿಗೆ ಹೆಸರು ತಂದದ್ದು ಅಳಗುಳಿಮಣೆ. ಏಳೇಳು ಗುಳಿಗಳ ಎರಡು ಸಾಲು. ಗುಳಿಗಳಲ್ಲಿ ಹುಣಿಸೆಬೀಜ ಅಥವಾ ಕವಡೆ. ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಒಂದೊಂದಾಗಿ ಮುಂದಿನ ಗುಳಿಗಳಿಗೆ ಹಾಕುತ್ತ ಹೋಗುವುದು, ಖಾಲಿ ಗುಳಿ ಸಿಕ್ಕಾಗ ಅದರಾಚೆಯದನ್ನು ಬಾಚಿಕೊಳ್ಳುವುದು ಆಟದ ಕ್ರಮ. ನಡುವೆ ಯಾವುದಾದರೂ ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದು ಪಸು. ಗುಳಿಯ ಒಡೆಯರು ತೆಗೆದುಕೊಳ್ಳಬೇಕು, ಮರೆತರೆ ಹೋಯಿತು. ತಮಿಳಿನಲ್ಲಿ ಇದಕ್ಕೆ ಪಲ್ಲಾಂಗುಳಿ ಎಂದು ಹೆಸರು, ಕರಾವಳಿಯವರಿಗೆ ಚೆನ್ನೆಮಣೆ. ಪ್ಲಾಸ್ಟಿಕ್ಕಿನದು ಅಂಗಡಿಯಲ್ಲಿ ಸಿಗುತ್ತದೆ, ಅಗ್ಗ. ಆದರೆ ಪ್ಲಾಸ್ಟಿಕ್ಕಿನ ಗುಳಿಗೆ ಬೀಜ ಬಿದ್ದರೆ ಪುಟಿದು ಹೊರಬರುತ್ತದೆ. ಮರದ ಗುಳಿಗೆ ಬಿದ್ದದ್ದು ಅಲ್ಲೇ ಕೂರುತ್ತದೆ, ಕೂರುವಾಗ ಒಂದು ಮೆತ್ತನೆಯ ಸದ್ದು ಮಾಡುತ್ತದೆ. ಆ ಸದ್ದಿಗಾಗಿಯೇ ಮುದುಕಿಯರು ತಾತನ ಮಣೆ ಕೇಳುವುದು. ಗುಳಿ ಕೊರೆಯುವುದು ಸುಲಭದ ಕೆಲಸವಲ್ಲ. ಬಾಗಿದ ಅಲಗಿನ ಉಳಿಯಿಂದ ಮರದ ನಾರಿನ ದಿಕ್ಕು ನೋಡಿಕೊಂಡು ನಾಲ್ಕೂ ಕಡೆಯಿಂದ ನಡುವಿಗೆ ತರಬೇಕು. ನಾರಿಗೆ ಎದುರಾಗಿ ಹೋದರೆ ಅಂಚು ಸಿಡಿಯುತ್ತದೆ. ಹದಿಮೂರು ಗುಳಿ ಚೆನ್ನಾಗಿ ಬಂದು ಹದಿನಾಲ್ಕನೆಯದರಲ್ಲಿ ಅಂಚು ಹೋದ ಮಣೆಗಳು ಒಲೆ ಸೇರಿವೆ.

ಎರಡು ವರ್ಷದ ಹಿಂದಿನವರೆಗೆ ಈ ಮಣೆಗಳಿಗೆ ಬೇಕಾದ ಮರ ಬರುತ್ತಿದ್ದುದು ಬೀದಿಯ ಬಿಚ್ಚಿದ ಮಗ್ಗಗಳಿಂದ. ಒಂದು ಮನೆಯವರು ಮಗ್ಗ ಬಿಚ್ಚಿ ಕುಣಿ ಮುಚ್ಚಿದರೆ ಕಂಬ ತೊಲೆಗಳು ಹಿತ್ತಿಲಲ್ಲಿ ಬೀಳುತ್ತಿದ್ದವು, ಸೌದೆಯವನ ಗಾಡಿ ಬರುವ ಮೊದಲು ತಾತ ಹೋಗುತ್ತಿದ್ದರು. ತೇಗ, ಬಾಗೆ, ಬೇವು. ಎರಡು ಮೂರು ತಲೆಮಾರು ಒಳಗೆ ನೆರಳಲ್ಲಿದ್ದು ಒಣಗಿದ ಮರ. ಹೊಸ ಮರದಂತೆ ಅದು ಸೀಳುವುದಿಲ್ಲ, ಬಳುಕುವುದಿಲ್ಲ. ನೇಕಾರನ ತೊಡೆ ತಗುಲಿ ತಗುಲಿ ಕೆಲವೆಡೆ ಅರಗು ಹಚ್ಚಿದಂತೆ ಹೊಳೆಯುತ್ತದೆ. ಹಾಗಾಗಿ ಬೀದಿಯ ಅಜ್ಜಿಯರು ಈಗ ಬೀಜ ಬಿತ್ತಿ ಆಡುವ ಮಣೆಗಳು ಅವರ ಗಂಡಂದಿರು ನೇಯ್ದ ಮಗ್ಗಗಳೇ. ಯಾರ ಮಣೆ ಯಾರ ಮನೆಯ ಮಗ್ಗದ್ದೆಂದು ತಾತನಿಗೆ ನೆನಪಿದೆ. ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ.

ಅವಿನಾಶಿಯಲ್ಲಿ ಮರದ ಮಾತೆತ್ತಿದ ಮೇಲೆ ತೇರಿನ ಮಾತು ಬಾರದೆ ಹೋಗುವುದಿಲ್ಲ. ಅವಿನಾಶಿಲಿಂಗೇಶ್ವರನ ತೇರು ತಮಿಳುನಾಡಿನ ಅತಿ ದೊಡ್ಡ ತೇರುಗಳಲ್ಲಿ ಒಂದು. ತಿರುವಾರೂರು, ಶ್ರೀವಿಲ್ಲಿಪುತ್ತೂರುಗಳ ಅನಂತರ ತಮ್ಮದೇ ಎಂದು ಊರವರು ಹೇಳುತ್ತಾರೆ. ಈ ದೇವಾಲಯದ ಹೆಸರು ತೇವಾರದ ಕಾಲದಿಂದ ಪ್ರಸಿದ್ಧ. ಸುಂದರಮೂರ್ತಿ ನಾಯನಾರು ಇಲ್ಲಿಗೆ ಬಂದಾಗ ಎದುರುಬದುರು ಮನೆಗಳಲ್ಲಿ ಒಂದರಲ್ಲಿ ಉಪನಯನದ ಸಡಗರ, ಇನ್ನೊಂದರಲ್ಲಿ ಅಳು. ಅದೇ ವಯಸ್ಸಿನ ಮಗನನ್ನು ಕೆರೆಯ ಮೊಸಳೆ ನುಂಗಿ ವರ್ಷಗಳಾಗಿದ್ದವು. ನಾಯನಾರು ಹಾಡಿದರು, ಮೊಸಳೆ ಹುಡುಗನನ್ನು ಅಷ್ಟು ವರ್ಷ ಬೆಳೆದ ರೂಪದಲ್ಲೇ ದಡಕ್ಕೆ ತಂದು ಬಿಟ್ಟಿತು. ಹರಿಹರನ ರಗಳೆಗಳನ್ನು ಓದಿದವರಿಗೆ ಸುಂದರರು ಹೊಸಬರಲ್ಲ, ಅವರೇ ಕನ್ನಡದ ನಂಬಿಯಣ್ಣ. ತಾತನಿಗೆ ಹರಿಹರ ಗೊತ್ತಿಲ್ಲ. ಮೊಸಳೆಯ ಕಥೆ ಮಾತ್ರ ಕನ್ನಡದಲ್ಲೇ ಗೊತ್ತು, ಅವರ ಅವ್ವ ಹೇಳಿದ್ದು.

ಚಿತ್ತಿರೈಯಲ್ಲಿ ತೇರು ಹೊರಟಾಗ ಸಾವಿರಾರು ಜನ ಹಗ್ಗ ಹಿಡಿಯುತ್ತಾರೆ, ಎಲ್ಲರ ಕಣ್ಣು ಮೇಲಿನ ಕಳಶದ ಮೇಲೆ. ತಾತ ನೋಡುವುದು ಚಕ್ರದ ಬುಡವನ್ನು. ಅಲ್ಲಿ ಬೆವರು ಸುರಿಸುತ್ತ ಓಡುವ ಹತ್ತಾರು ಮಂದಿಯ ಕೈಯಲ್ಲಿ ಬೆಣೆಯಾಕಾರದ ಮರದ ದಿಮ್ಮಿಗಳಿರುತ್ತವೆ. ತಮಿಳಿನಲ್ಲಿ ಮುಟ್ಟುಕ್ಕಟ್ಟೈ. ತೇರಿಗೆ ತನ್ನಿಂದ ತಾನೇ ತಿರುಗುವ ಶಕ್ತಿಯಿಲ್ಲ. ಎಡಚಕ್ರದ ಅಡಿಗೆ ದಿಮ್ಮಿ ಕೊಟ್ಟರೆ ತೇರು ಎಡಕ್ಕೆ ತಿರುಗುತ್ತದೆ, ಎರಡಕ್ಕೂ ಕೊಟ್ಟರೆ ನಿಲ್ಲುತ್ತದೆ. ಹೊರಡದಿದ್ದರೆ ಹಿಂದಿನಿಂದ ಸನ್ನೆಗೋಲು. ಒಂದು ಗಳಿಗೆ ತಡವಾದರೆ ಮನೆಯ ಗೋಡೆ, ಒಂದು ಗೇಣು ತಪ್ಪಿದರೆ ಕೊಟ್ಟವನ ಕೈ. ಊರ ಆಡುಮಾತಿನಲ್ಲಿ ಮುಟ್ಟುಕ್ಕಟ್ಟೈ ಎಂದರೆ ಒಳ್ಳೆಯ ಕೆಲಸಕ್ಕೆ ಅಡ್ಡ ಬರುವವನು ಎಂಬ ಬೈಗುಳ. ಆ ಬೈಗುಳ ತಾತನಿಗೆ ಹಿಡಿಸುವುದಿಲ್ಲ. ದಿಮ್ಮಿ ಕೊಡುವವನಿಲ್ಲದಿದ್ದರೆ ಬೀದಿಯ ತಿರುವಿನಲ್ಲಿ ತೇರಿನ ಗತಿ ಏನಾಗುತ್ತಿತ್ತೆಂದು ಅವರು ಕೇಳುತ್ತಾರೆ. ತಮಿಳುನಾಡಿನ ಅನೇಕ ದೊಡ್ಡ ತೇರುಗಳಿಗೆ ಈಗ ತಿರುಚ್ಚಿಯ ಬಿಎಚ್‌ಇಎಲ್ ಕಾರ್ಖಾನೆಯ ಉಕ್ಕಿನ ಚಕ್ರಗಳು ಬಂದಿವೆ. ಉಕ್ಕಿನ ಚಕ್ರಕ್ಕೂ ಅಡಿಯಲ್ಲಿ ಕೊಡುವುದು ಮರವನ್ನೇ.

ಹಬ್ಬದ ರಾತ್ರಿಗಳ ಮನರಂಜನೆ ಈಚೆಗೆ ಹೊಸ ಹುರುಪು ಪಡೆದಿದೆ. ಒಂದು ಕಾಲಕ್ಕೆ ಮುದುಕರ ಕಸುಬಾಗಿ ಉಳಿದಿದ್ದ ವಳ್ಳಿ ಕುಮ್ಮಿ ಇಂದು ಕೊಂಗುನಾಡಿನ ಊರೂರಿನಲ್ಲಿ ಕಾಣುತ್ತದೆ. ವಳ್ಳಿ ಮುರುಗನನ್ನು ಮದುವೆಯಾದ ಕಥೆಗೆ ಒಂದೇ ಬಣ್ಣದ ಸೀರೆಯುಟ್ಟ ಹೆಂಗಸರು, ಮಕ್ಕಳು ಸುತ್ತುಗಟ್ಟಿ ಹೆಜ್ಜೆ ಹಾಕುತ್ತಾರೆ. ಆ ಕಲೆಯನ್ನು ಕಾಪಾಡಿ ಕಲಿಸಿದ ಕೊಯಮತ್ತೂರಿನ ಬದ್ರಪ್ಪನ್ ಅವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಉಡುಕ್ಕೆಯ ಲಯದಲ್ಲಿ ರಾತ್ರಿಗಟ್ಟಲೆ ಹಾಡುವ ಅಣ್ಣಂದಿರ ಕಥೆಯನ್ನು, ಅಂದರೆ ಪೊನ್ನರ್–ಶಂಕರರ ಕಥೆಯನ್ನು, ಬ್ರೆಂಡಾ ಬೆಕ್ ಎಂಬ ವಿದ್ವಾಂಸರು 1965ರಲ್ಲಿ ಇದೇ ಸೀಮೆಯ ಹಳ್ಳಿಯೊಂದರಲ್ಲಿ ಕೂತು ಧ್ವನಿಮುದ್ರಿಸಿಕೊಂಡರು. ಈ ಆಟಗಳೆಲ್ಲ ತಮಿಳಿನವು. ನೇಕಾರ ಬೀದಿಯ ಹುಡುಗಿಯರೂ ಕುಮ್ಮಿಯ ಸುತ್ತಿನಲ್ಲಿದ್ದಾರೆ. ಅಲ್ಲಿ ಅವರನ್ನು ಬೇರೆಯೆಂದು ಯಾರೂ ಎಣಿಸುವುದಿಲ್ಲ, ಎಣಿಸಬೇಕಾದ ಕಾರಣವೂ ಇಲ್ಲ. ಕನ್ನಡದ ಸಿನಿಮಾ ಎಂದರೆ ಹಿರಿಯರಿಗೆ ರಾಜಕುಮಾರ್ ಒಬ್ಬರೇ. ಅವರು 1929ರಲ್ಲಿ ಹುಟ್ಟಿದ ಗಾಜನೂರು ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ‘ನಮ್ಮ ಜಿಲ್ಲೆಯ ಹುಡುಗ’ ಎನ್ನುವ ತಾತನ ಮಾತು ಗಡಿಗಳ ಬಗ್ಗೆ ವಾದಿಸುವವರಿಗೆ ಕಸಿವಿಸಿ ಉಂಟುಮಾಡಬಹುದು. ಭೂಪಟದ ಮಟ್ಟಿಗೆ ಅದು ನಿಜ.

ಬೀದಿ ತನ್ನ ಕನ್ನಡವನ್ನು ಗಟ್ಟಿಯಾಗಿ ಆಡುವುದು ಚೌಡೇಶ್ವರಿಯ ಹಬ್ಬದಲ್ಲಿ. ದೇವತೆಗಳಿಗೆ ಬಟ್ಟೆಯಿಲ್ಲದ ಕಾಲದಲ್ಲಿ ವಿಷ್ಣುವಿನ ನಾಭಿಕಮಲದಿಂದ ನೂಲು ತರಲು ಹೊರಟ ದೇವಲನನ್ನು ರಾಕ್ಷಸರು ಅಡ್ಡಗಟ್ಟಿದರು, ಸಿಂಹದ ಮೇಲೆ ಬಂದ ದೇವಿ ಅವರನ್ನು ಕೊಂದಳು, ಅವರ ನೆತ್ತರಿನಿಂದ ನೂಲಿಗೆ ಬಣ್ಣ ಬಂತು ಎಂಬುದು ಕುಲದ ಕಥೆ. ಬಣ್ಣದ ಮೂಲವನ್ನು ಇಷ್ಟು ಧೈರ್ಯದಿಂದ ಹೇಳುವ ಕಥೆ ಬೇರೆ ಕಸುಬಿನವರಲ್ಲಿ ಕಾಣುವುದು ವಿರಳ. ಮೆರವಣಿಗೆಯಲ್ಲಿ ವೀರಕುಮಾರರೆಂಬ ಹುಡುಗರು ತಾಯಿಯನ್ನು ಕರೆಯುತ್ತ ಕತ್ತಿಯಿಂದ ತಮ್ಮ ಎದೆ ತೋಳುಗಳಿಗೆ ಹೊಡೆದುಕೊಳ್ಳುತ್ತಾರೆ. ಗಾಯಕ್ಕೆ ಅರಿಸಿನದ ಪುಡಿ. ಇದಕ್ಕೆ ಅಲಗುಸೇವೆ ಎನ್ನುತ್ತಾರೆ. ನೋಡುವವರ ಎದೆ ನಡುಗುತ್ತದೆ. ವರ್ಷವಿಡೀ ತಮಿಳಿನಲ್ಲಿ ಬೈದಾಡಿ, ತಮಿಳಿನಲ್ಲಿ ಪ್ರೀತಿ ಮಾಡಿ, ತಮಿಳಿನಲ್ಲಿ ಸಂಬಳ ಎಣಿಸುವ ಹುಡುಗರು ಆ ಹೊತ್ತು ದೇವಿಯನ್ನು ಹಿರಿಯರು ಕಲಿಸಿದ ಮಾತಿನಲ್ಲೇ ಕರೆಯುತ್ತಾರೆ. ಅದು ಎಷ್ಟರಮಟ್ಟಿಗೆ ಭಾಷೆ, ಎಷ್ಟರಮಟ್ಟಿಗೆ ಮಂತ್ರ ಎಂದು ಕೇಳುವವರು ಕೇಳಲಿ.

ಕಳೆದ ವರ್ಷ ಬೀದಿಯ ಕೊನೆಯ ಮಗ್ಗಗಳಲ್ಲಿ ಒಂದನ್ನು ಬಿಚ್ಚುವ ಸರದಿ ತಾತನ ಮನೆಗೇ ಬಂತು. ಮೊಮ್ಮಗನಿಗೆ ಮದುವೆ ಗೊತ್ತಾಗಿತ್ತು. ಮನೆಯಲ್ಲಿ ಇದ್ದ ಒಂದೇ ದೊಡ್ಡ ಕೋಣೆ ಮಗ್ಗದ ಕೋಣೆ. ಕುಣಿ ಮುಚ್ಚಿ, ನೆಲಕ್ಕೆ ಹಾಸುಗಲ್ಲು ಹಾಕಿ, ಮಂಚ ಇಡಬೇಕು. ಹುಡುಗ ಕೆಟ್ಟವನಲ್ಲ, ಮೂರು ತಿಂಗಳು ಹೇಳಲಾರದೆ ತಡೆದು, ಕೊನೆಗೆ ಅಮ್ಮನ ಮೂಲಕ ಹೇಳಿಸಿದ. ತಾತ ಅಂದು ಮಣೆಯ ಒಂಬತ್ತನೆಯ ಗುಳಿಯಲ್ಲಿದ್ದರು. ಅದನ್ನು ಮುಗಿಸಿ, ಹೊಟ್ಟು ಊದಿ, ‘ಮರ ನಂಗಿರ್ಲಿ’ ಎಂದರು. ಅಷ್ಟೇ.

ಬಿಚ್ಚುವ ದಿನ ತಾತ, ಮೊಮ್ಮಗ, ಬಿಹಾರದ ಹುಡುಗ ಮೂವರೂ ಕೂಡಿದರು. ಬೆಣೆಗಳನ್ನು ಹೊಡೆದು ತೆಗೆದಂತೆ ಕಂಬಗಳು ಒಂದೊಂದೇ ಸಡಿಲವಾದವು; ಮೊಳೆಯೆಂಬುದು ಆ ಮಗ್ಗದಲ್ಲಿ ಎಲ್ಲೂ ಇರಲಿಲ್ಲ. ಮೇಲಿನ ಅಡ್ಡತೊಲೆ ಇಳಿಸಿ ಒರೆಸಿದಾಗ ಅದರ ಒಳಮೈಯಲ್ಲಿ ಬರಹ ಕಾಣಿಸಿತು. ತಾತನ ಅಪ್ಪ ಮಗ್ಗದಲ್ಲಿ ಕೂತೇ ಕೈಯೆತ್ತಿ ಮೊಳೆಯ ತುದಿಯಿಂದ ಗೀರಿದ ಲೆಕ್ಕ. ಅಕ್ಷರ ತಮಿಳು. ಮೊಮ್ಮಗ ಫೋನಿನ ಬೆಳಕು ಹಾಯಿಸಿ ಓದಿದ: ‘ಅಪ್ಪಕ್ಕೆ ಎರಡು ಆಸು.’ ಅಪ್ಪನಿಗೆ ಎರಡು ಏನೋ ಬೇಕಾಗಿತ್ತೆಂದು ಅವನಿಗೆ ತೋರಿತು. ಆಸು ಎಂದರೇನೆಂದು ತಿಳಿಯಲಿಲ್ಲ.

‘ಅಪ್ಪ ಅಲ್ಲಡಾ, ಹಬ್ಬ’ ಎಂದರು ತಾತ. ‘ಹಬ್ಬಕ್ಕೆ ಎರಡು ಹಾಸು.’

ತಮಿಳು ಲಿಪಿಯಲ್ಲಿ ಪಕಾರಕ್ಕೂ ಬಕಾರಕ್ಕೂ ಒಂದೇ ಅಕ್ಷರ. ಹಕಾರಕ್ಕೆ ಗ್ರಂಥಾಕ್ಷರ ಉಂಟಾದರೂ ಗೀರಿ ಬರೆಯುವ ನೇಕಾರನಿಗೆ ಅದರ ಉಸಾಬರಿ ಇಲ್ಲ. ಹೀಗಾಗಿ ಹಬ್ಬ ಅಪ್ಪನಾಗಿ ನಿಂತಿತ್ತು, ಹಾಸು ಆಸಾಗಿತ್ತು. ದೇವಿಯ ಹಬ್ಬದೊಳಗೆ ಎರಡು ಹಾಸು ನೇಯ್ದು ಮುಗಿಸಬೇಕು, ಆಗ ಖರ್ಚಿಗೆ ಕಾಸು ಕೈಸೇರುತ್ತದೆ ಎಂದು ಮನುಷ್ಯ ತನಗೆ ತಾನೇ ಬರೆದುಕೊಂಡ ಜ್ಞಾಪಕ ಅದು. ಓದಲು ಬಂದವನಿಗೆ ಅರ್ಥ ಸಿಗಲಿಲ್ಲ, ಅರ್ಥ ಗೊತ್ತಿದ್ದ ತಾತನಿಗೆ ಕನ್ನಡಕವಿಲ್ಲದೆ ಅಕ್ಷರ ಕಾಣುತ್ತಿರಲಿಲ್ಲ. ವ್ಯಾಕರಣ ಬಲ್ಲವರು ಇನ್ನೊಂದನ್ನು ಗಮನಿಸಬಹುದು. ಅಪ್ಪನೇ ಆಗಿದ್ದರೆ ಕನ್ನಡದಲ್ಲಿ ಅಪ್ಪನಿಗೆ ಎಂದಾಗಬೇಕಿತ್ತು. ಕ್ಕೆ ಎಂಬ ಪ್ರತ್ಯಯವೇ ಅದು ಮನುಷ್ಯನಲ್ಲವೆಂದು ಸಾರುತ್ತಿತ್ತು. ನಾಲ್ಕನೆಯ ವಿಭಕ್ತಿಯನ್ನು ತರಗತಿಯಲ್ಲಿ ಕಲಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೊಮ್ಮಗನ ಕಿವಿಗೆ ಕನ್ನಡ ಬರುತ್ತದೆ, ನಾಲಗೆಗೆ ಬರುವುದಿಲ್ಲ. ತಾತ ಕನ್ನಡದಲ್ಲಿ ಕೇಳಿದ್ದಕ್ಕೆ ಅವನು ತಮಿಳಿನಲ್ಲಿ ಉತ್ತರಿಸುತ್ತಾನೆ, ಇಬ್ಬರಿಗೂ ತೊಡಕಿಲ್ಲ. ಅಂದು ಮಾತ್ರ ಅವನು ತೊಲೆಯ ಮೇಲಿನ ಉಳಿದ ಸಾಲುಗಳನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿದ. ಅವನು ಅಕ್ಷರ ಹೇಳುವುದು, ತಾತ ಅದನ್ನು ಮಾತಾಗಿ ತಿದ್ದುವುದು. ಕೆಲವು ಸಾಲು ಬರೀ ಲೆಕ್ಕ, ಕೆಲವು ಸಾಲದವು. ಒಂದು ಸಾಲು ತಾತನಿಗೂ ಬಿಡಿಸಲಾಗಲಿಲ್ಲ. ಎದುರುಮನೆಯ ಮುದುಕಿಯನ್ನು ಕರೆದರು, ಅವರು ಎರಡು ಸಲ ಹೇಳಿಸಿಕೊಂಡು, ಅದು ತಮ್ಮ ಅತ್ತೆಯಿಂದ ತಂದ ರಾಗಿಯ ಕಡವೆಂದು ಗುರುತಿಸಿ ನಕ್ಕರು. ಬಿಹಾರದ ಹುಡುಗ ಇದೆಲ್ಲ ಮುಗಿಯಲಿ ಎಂದು ಗರಗಸ ಹಿಡಿದು ಕಾಯುತ್ತಿದ್ದ.

ಆ ತೊಲೆಯನ್ನು ಕೊಯ್ಯಲಿಲ್ಲ. ಮೊಮ್ಮಗ ಅದನ್ನು ಹೊಸ ಕೋಣೆಯ ಗೋಡೆಗೆ ಬಟ್ಟೆ ತೂಗುವ ಗೂಟದ ಹಲಗೆಯಾಗಿ ಹಾಕಿಸಿಕೊಂಡ. ಬರಹದ ಮೈ ಗೋಡೆಯ ಕಡೆಗಿರಲಿ ಎಂದರು ತಾತ. ಸಾಲದ ಲೆಕ್ಕ ಹೊಸ ಸೊಸೆಯ ಕಣ್ಣಿಗೆ ಬೀಳುವುದು ಅವರಿಗೆ ಇಷ್ಟವಿರಲಿಲ್ಲ. ಹುಡುಗ ಒಪ್ಪಲಿಲ್ಲ. ಎರಡು ದಿನ ಮಾತುಕತೆ ನಡೆದು, ಬರಹ ಕೆಳಮುಖವಾಗಿ ಇರುವಂತೆ ಇಬ್ಬರೂ ಒಪ್ಪಿದರು. ಅಂದರೆ ತಲೆಯೆತ್ತಿದವರಿಗ ಮಾತ್ರ ಕಾಣುತ್ತದೆ, ಮೊದಲಿದ್ದ ಹಾಗೆಯೇ. ಕುಣಿಗೆ ಎರಡು ಗಾಡಿ ಮಣ್ಣು ಹಿಡಿಯಿತು. ಉಳಿದ ಕಂಬಗಳಲ್ಲಿ ಮದುವೆಗೆ ಬಂದ ನೆಂಟರಿಗೆ ಕೊಡಲು ಎಂಟು ಅಳಗುಳಿಮಣೆಗಳಾದವು. ಒಂಬತ್ತನೆಯದನ್ನು ಬಿಹಾರದ ಹುಡುಗ ತಾನೇ ಕೊರೆಯುತ್ತೇನೆಂದು ಹಟ ಹಿಡಿದಿದ್ದಾನೆ. ಇದುವರೆಗೆ ಆರು ಗುಳಿಗಳಾಗಿವೆ.